ಅತ್ತಿಗೆ ನಕ್ಕಿದ್ದು ಯಾರನ್ನು ನೋಡಿ?

ನಮ್ಮ ಅತ್ತಿಗೆ ಟಿವಿಯಲ್ಲಿ ಮೋಹಿನಿ. ಹೀಗೆ ಒಂದೇ ಏಟಿಗೆ ಹೇಳಿಬಿಟ್ಟರೆ ನಮ್ಮಣ್ಣನಿಗೆ ಮೈ ಉರಿಯುತ್ತದೆ. ಅದಕ್ಕೇ ಮೊದಲು ಅದನ್ನೇ ಹೇಳಿದೆ. ಮುಖ ಅತ್ತಿಗೆಯದಲ್ಲ. ಮುಖ, ಸೊಂಟ, ಮೊಣಕಾಲಿನವರೆಗೆ ಇಳಿದ ಕೂದಲು ಎಲ್ಲ ಬೇರೊಬ್ಬಳದು. ಕೂದಲಂತೂ ಆ ಬೇರೊಬ್ಬಳದೂ ಅಲ್ಲ, ಬಾಡಿಗೆಯದು. ದನಿ ಮತ್ತು ನಗು ಮಾತ್ರ ನಮ್ಮ ಮನೆಯದು.

ಅತ್ತಿಗೆಯ ಕೆಲಸ ಡಬ್ಬಿಂಗ್. ಪರದೆಯ ಮೇಲೆ ಯಾರೋ ಬಾಯಿ ಆಡಿಸುತ್ತಾರೆ, ಇವರು ಕತ್ತಲೆ ಕೋಣೆಯಲ್ಲಿ ನಿಂತು ಆ ಬಾಯಿಗೆ ಮಾತು ಕೂರಿಸುತ್ತಾರೆ. ಮಕ್ಕಳ ಕಾರ್ಟೂನಿನಲ್ಲಿ ಅಳಿಲಾಗಿದ್ದಾರೆ, ಸೋಪಿನ ಜಾಹೀರಾತಿನಲ್ಲಿ ಬಟ್ಟೆ ಒಗೆದು ಖುಷಿಪಡುವ ತಾಯಿಯಾಗಿದ್ದಾರೆ, ತೊಟ್ಟಿಲಲ್ಲಿ ಅಳುವ ಕೂಸಾಗಿದ್ದಾರೆ. ಊರಿನ ಅರ್ಧ ಲಿಫ್ಟುಗಳಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವುದೂ ಅವರೇ. ನಮ್ಮಣ್ಣ ತನ್ನ ಕಚೇರಿಯ ಲಿಫ್ಟಿನಲ್ಲಿ ದಿನಾ ಹೆಂಡತಿಯ ಮಾತು ಕೇಳಿ ಸರಿದು ನಿಲ್ಲುತ್ತಾನೆ. ಮನೆಯಲ್ಲಿ ಎಂದೂ ಕೇಳಿದ್ದಿಲ್ಲ.

ನಾನು ಅತ್ತಿಗೆಯ ನಾದಿನಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಇದೇ ಮನೆಯ ಮಹಡಿ ಕೋಣೆಯಲ್ಲಿ ವಾಸ. ನನಗೂ ಒಂದು ಮದುವೆ ಆಗಿತ್ತು. ಅದೂ ದೆವ್ವದ ಕಥೆಯೇ. ಆದರೆ ಅದರಲ್ಲಿ ದೆವ್ವ ಗಂಡಸು, ನೋಡಲಿಕ್ಕೂ ಚೆನ್ನಾಗಿರಲಿಲ್ಲ. ಅದನ್ನು ಬಿಟ್ಟು ತವರಿಗೆ ಬಂದ ಮೊದಲ ಸಂಜೆ ಇಡೀ ಮನೆ ಸಾವಿನ ಮನೆಯಂತೆ ಕೂತಿದ್ದಾಗ, ಅತ್ತಿಗೆ ನನ್ನ ಪೆಟ್ಟಿಗೆ ತೆರೆದು ನೋಡಿ, “ಅಲ್ವೇ, ಗಂಡನ್ನ ಬಿಟ್ಟು ಬರೋವಾಗ ಇಸ್ತ್ರಿ ಪೆಟ್ಟಿಗೆ ಯಾಕೆ ತಂದೆ?” ಎಂದರು. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬಂದಿದ್ದೆ. ಅತ್ತಿಗೆ ನಕ್ಕರು, ನಾನೂ ನಕ್ಕೆ. ಆ ನಗುವಿನ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಅವರ ನಗು ಗಂಟಲಿನದಲ್ಲ. ಮೊದಲು ಉಸಿರು ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಕೆಳಗಿನಿಂದ ಗುಳುಗುಳು ಎಂದು ಶುರುವಾಗಿ, ಮೇಲೇರುತ್ತ ಹೋಗಿ, ತುದಿಯಲ್ಲೊಂದು ಸಣ್ಣ ಕೀರಲು ಬಂದು ನಿಲ್ಲುತ್ತದೆ. ಮದುವೆಯಾದ ಹೊಸತರಲ್ಲಿ, ಅಣ್ಣ ತನ್ನ ಕನ್ನಡಕದ ಮೇಲೆ ತಾನೇ ಕೂತುಕೊಂಡು ಮನೆಯವರೆಲ್ಲ ಕದ್ದರೆಂದು ಕೂಗಾಡಿದಾಗ, ಈ ನಗು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿಸಿತು. ಅಮ್ಮ ಅವತ್ತೇ ತೀರ್ಪು ಕೊಟ್ಟಳು: “ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು.” ಗಾದೆಯ ಎರಡನೇ ಅರ್ಧವನ್ನು ಅಮ್ಮ ಎಂದೂ ಪರೀಕ್ಷೆ ಮಾಡಿ ನೋಡಲಿಲ್ಲ. ಅಣ್ಣ ಚಿಕ್ಕಂದಿನಿಂದ ನೆಗಡಿಗೂ ಅಳುತ್ತಿದ್ದ. ಅವನನ್ನು ನಂಬಿಕೊಂಡೇ ಇದ್ದಳು.

ಇನ್ನು ಮೋಹಿನಿಯ ವಿಷಯ. ಆ ಧಾರಾವಾಹಿ ವಾರಕ್ಕೊಂದು ಕಥೆಯದು. ಒಂದು ವಾರ ಬಾವಿಯ ದೆವ್ವ, ಮರುವಾರ ಬೊಂಬೆಯ ದೆವ್ವ, ಕಥೆಗೆ ಬರ ಬಂದ ವಾರ ಫ್ರಿಜ್ಜಿನ ದೆವ್ವ. ನಟರು ಬೇರೆ, ಮನೆ ಬೇರೆ. ಬಾಗಿಲು ಕಿರ್ ಎನ್ನುವ ಸದ್ದು ಮಾತ್ರ ಎಲ್ಲಕ್ಕೂ ಒಂದೇ. ಅದರಲ್ಲಿ ಒಂದು ವಾರ ಮೋಹಿನಿ ಬಂದಳು. ನೀರಿನ ಫಿಲ್ಟರ್ ಮಾರುವವನೊಬ್ಬ ಲಾಡ್ಜಿನಲ್ಲಿ ತಂಗುತ್ತಾನೆ. ಬಿಳಿ ಬಟ್ಟೆಯ ಹೆಂಗಸು ಮೆಟ್ಟಿಲ ತುದಿಯಲ್ಲಿ ನಿಂತು, “ಒಬ್ರೇ ಇದೀರಾ?” ಎಂದು ಕೇಳಿ ನಗುತ್ತಾಳೆ. ಅವನು ಹಿಂದೆ ಹೋಗುತ್ತಾನೆ. ಬೆಳಿಗ್ಗೆ ಒಂದು ಶೂ ಸಿಗುತ್ತದೆ. ಆಮೇಲೆ ವಿಚಾರಣೆಗೆ ಬಂದ ಪೊಲೀಸು, ಪರೀಕ್ಷೆಗೆ ಬಂದ ವೈದ್ಯ, ದೆವ್ವವನ್ನೇ ನಂಬದ ಪ್ರೊಫೆಸರು, ಎಲ್ಲರೂ ಸಾಲಾಗಿ ಅದೇ ಮೆಟ್ಟಿಲು ಹತ್ತುತ್ತಾರೆ, ಮನೆಗೆ ಫೋನು ಮಾಡಿ ಮೀಟಿಂಗ್ ಇದೆ ಎಂದು ಹೇಳಿಯೇ ಹತ್ತುತ್ತಾರೆ. ಅಷ್ಟು ಮೇಕಪ್ಪು, ಅಷ್ಟು ಹೊಗೆ ಯಾಕೆ ಬೇಕಿತ್ತೋ ನನಗೆ ತಿಳಿಯದು. ‘ಊಟ ಆಯ್ತಾ’ ಎಂದು ಕೇಳಿದ್ದರೂ ಆ ನಾಲ್ವರು ಹೋಗುತ್ತಿದ್ದರು.

ಮೋಹಿನಿಯಾದ ಹುಡುಗಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಚಿತ್ರೀಕರಣದಲ್ಲಿ ಮಾತಿನ ಬದಲು ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದ್ದಳು. ಅವಳು ಹನ್ನೊಂದು ಎಂದ ಕಡೆ ಅತ್ತಿಗೆ ‘ಹತ್ತಿರ ಬಾ’ ಎನ್ನಬೇಕು, ಹದಿನಾಲ್ಕಕ್ಕೆ ನಿಟ್ಟುಸಿರು ಬಿಡಬೇಕು. ಎದುರು ನಿಂತ ನಾಯಕ ಆ ಎಣಿಕೆಗೇ ಕರಗಿ ನೀರಾಗಿದ್ದ. ಡಬ್ಬಿಂಗ್ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ, ಮೈಕಿಗೆ ಕೇಳಿಸುತ್ತದೆ. ಬಳೆ ತೆಗೆದಿಡಬೇಕು. ಗಂಜಿ ಹಾಕಿದ ಬಟ್ಟೆ ಉಡುವಂತಿಲ್ಲ, ಸರಸರ ಎನ್ನುತ್ತದೆ. ಹೊಟ್ಟೆ ಗುರ್ ಎನ್ನಬಾರದೆಂದು ಮೊದಲೇ ಬಿಸ್ಕತ್ತು ತಿಂದಿರಬೇಕು. ಗಂಡಸರ ನಿದ್ದೆ ಕೆಡಿಸಿದ ಆ ದನಿ ಹೊರಟಿದ್ದು ಹೆಗಲ ಮೇಲೆ ಟವೆಲು ಹಾಕಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು, ಮಂಡಿ ನೋವಿಗೆ ಆಗಾಗ ಕಾಲು ಬದಲಾಯಿಸುತ್ತ ನಿಂತ ಐವತ್ತು ದಾಟಿದ ಹೆಂಗಸಿನಿಂದ.

ಮಾತೆಲ್ಲ ಸುಲಭವಾಗಿ ಮುಗಿಯಿತಂತೆ. ತೊಡಕಾಗಿದ್ದು ನಗುವಿನಲ್ಲಿ. ನಿರ್ದೇಶಕ ಹೇಳಿದ: “ಮೇಡಂ, ಮಾದಕವಾಗಿರ್ಬೇಕು. ಆದ್ರೆ ಮನೆಮಂದಿಯೆಲ್ಲ ಕೂತು ನೋಡೋ ಹಾಗಿರ್ಬೇಕು.” ಅತ್ತಿಗೆ ಒಂದು ನಗು ಕೊಟ್ಟರು. ಟೂತ್‌ಪೇಸ್ಟಿನ ಜಾಹೀರಾತಿನಂತಿದೆ ಎಂದ. ಇನ್ನೊಂದು ಕೊಟ್ಟರು, ಅಳಿಲಿನಂತಿದೆ ಎಂದ. ಮತ್ತೊಂದಕ್ಕೆ ಹಣೆ ಒತ್ತಿಕೊಂಡ. ಕೊನೆಗೆ, “ಇರಿ, ನಾನೇ ತೋರಿಸ್ತೀನಿ,” ಎಂದು ಒಳಗೇ ಬಂದ. ದೊಡ್ಡ ಹೊಟ್ಟೆ, ಕಿವಿಯ ಮೇಲೆ ಪೆನ್ಸಿಲು, ತಲೆಯ ಮೇಲೇರಿಸಿದ ಕನ್ನಡಕ. ಸೊಂಟದ ಮೇಲೆ ಕೈ ಇಟ್ಟ, ಒಂದು ಭುಜ ಇಳಿಸಿದ, ರೆಪ್ಪೆ ಬಾಗಿಸಿ ಮೈಕಿನ ಕಂಬವನ್ನು ವಾರೆಗಣ್ಣಿನಿಂದ ನೋಡುತ್ತ, “ಒಬ್ರೇ ಇದೀರಾ?” ಎಂದ. ಅತ್ತಿಗೆ ಟವೆಲು ಕಚ್ಚಿ ಹಿಡಿದರು. ಆಗಲಿಲ್ಲ. ಉಸಿರು ಒಳಗೆ ಹೋಯಿತು.

ಸೌಂಡಿನವನು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ನಿರ್ದೇಶಕ ಅದನ್ನು ಮತ್ತೆ ಹಾಕಿಸಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. “ಇದೇ! ಇದೇ ಬೇಕಿತ್ತು! ಕಲಾವಿದರ ಒಳಗಿಂದ ಹೇಗೆ ತೆಗೀಬೇಕು ಅನ್ನೋದು ನಂಗೊಬ್ಬನಿಗೇ ಗೊತ್ತು!” ಮನೆಗೆ ಬಂದು ಅತ್ತಿಗೆ ಅವನ ಭುಜ, ಅವನ ರೆಪ್ಪೆ ಎಲ್ಲ ಮಾಡಿ ತೋರಿಸಿದರು. ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು.

ಆ ಕಂತು ಊರನ್ನು ಹಿಡಿದುಬಿಟ್ಟಿತು. ಮತ್ತೆ ಮತ್ತೆ ಹಾಕಿದರು. ಜಾಹೀರಾತಿನಲ್ಲಿ ಬರಿಯ ನಗುವನ್ನೇ ಹಾಕಿದರು. ಔಷಧಿ ಅಂಗಡಿಯಲ್ಲಿ ನನಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ಮೂಲವ್ಯಾಧಿಯ ಮುಲಾಮಿಗೆ ಬಂದವನೊಬ್ಬ ಕೌಂಟರಿಗೆ ಒರಗಿ ಹೇಳಿದ: “ಆ ನಗುವಿನಲ್ಲಿ ಒಂದು ಕರೆ ಇದೆ ನೋಡಿ ಮೇಡಂ. ನೇರ ಎದೆಗೇ ನಾಟುತ್ತೆ.” ನಾನು, “ದಿನಕ್ಕೆರಡು ಸಲ ಹಚ್ಕೊಳ್ಳಿ, ಖಾರ ಬಿಡಿ,” ಎಂದೆ. ಪತ್ರಿಕೆಯಲ್ಲಿ ಒಬ್ಬ ಬರೆದಿದ್ದ, ಯುಗಯುಗಗಳಿಂದ ಗಂಡಿಗಾಗಿ ಕಾದ ಹೆಣ್ಣಿನ ವಿರಹ ಆ ನಗುವಿನಲ್ಲಿದೆ ಅಂತ. ಒಬ್ಬ ಬೊಜ್ಜಿನ ಮನುಷ್ಯ ಸೊಂಟ ಬಳುಕಿಸಿದ್ದನ್ನು ನೋಡಿ ತಡೆಯಲಾರದೆ ಬಂದ ನಗು ಅದು. ಹೆಂಗಸು ಗಂಡಸನ್ನು ನೋಡಿ ನಕ್ಕರೆ ಅದು ಕರೆದದ್ದೇ ಇರಬೇಕು, ಬೇರೆ ಕಾರಣ ಇರಬಹುದೆಂದು ಇಷ್ಟು ಜನರಲ್ಲಿ ಒಬ್ಬನಿಗೂ ಅನುಮಾನ ಬರಲಿಲ್ಲ.

ಅಣ್ಣ ವಿದ್ಯುತ್ ಮೀಟರಿನ ಕಚೇರಿಯಲ್ಲಿ ಒಂದು ವಿಭಾಗದ ಮುಖ್ಯಸ್ಥ. ಮರ್ಯಾದೆಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟವನು. ಸುಕ್ಕಾದೀತೆಂದು ಆರಾಮಾಗಿ ಕೂರುವುದೂ ಇಲ್ಲ. ಹೆಂಡತಿ ಶಾಲೆಯ ಪಾಠಗಳಿಗೆ ದನಿ ಕೊಡುತ್ತಾಳೆಂದು ಕಚೇರಿಯಲ್ಲಿ ಹೇಳಿಕೊಂಡಿದ್ದ. ಒಂದು ದಿನ ಮೀಟಿಂಗಿನ ನಡುವೆ ಸಹೋದ್ಯೋಗಿಯ ಅಂಗಿ ಜೇಬಿನಿಂದ ಅತ್ತಿಗೆ ನಕ್ಕರು. ಅವನು ಆ ನಗುವನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದ. ಗಂಡಸರೆಲ್ಲ ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿದರು. “ಎತ್ತಿ ಸಾರ್, ಪಾಪ, ಕರೀತಿದ್ದಾಳೆ,” ಎಂದು ಯಾರೋ ಅಂದರಂತೆ. ನಮ್ಮಣ್ಣ ಇಂಗು ತಿಂದ ಮಂಗನಂತೆ ಕೂತಿದ್ದು, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

“ಇನ್ಮೇಲೆ ನೀನು ನಗಬಾರದು.”

“ಎಲ್ಲಿ?” ಎಂದರು ಅತ್ತಿಗೆ.

“ಎಲ್ಲೂ. ನನ್ನ ಹೆಂಡ್ತಿ ನಗು ಕಂಡೋರ ಜೇಬಲ್ಲಿದೆ!”

“ನಿಮ್ಮ ಜೇಬಲ್ಲೂ ಇಟ್ಕೊಳ್ಳಿ. ಬೇಡ ಅಂದೋರು ಯಾರು?”

“ತಮಾಷೆ ಸಾಕು. ಪುಟ್ಟಿ ಮದುವೆ ಮಾತು ನಡೀತಿದೆ. ಆ ನಗು ಈ ಮನೇದು ಅಂತ ಗೊತ್ತಾದ್ರೆ ಯಾರು ಸಂಬಂಧ ಮಾಡ್ತಾರೆ? ಮದುವೆ ಮುಗಿಯೋವರೆಗೆ ಬಾಯಿ ಮುಚ್ಕೊಂಡಿರು.”

ಪುಟ್ಟಿ ಅವರ ಒಬ್ಬಳೇ ಮಗಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲೇ ಜೊತೆಗೆ ಕೆಲಸ ಮಾಡುವ ಒಬ್ಬ ಮಿತಮಾತಿನ ಹುಡುಗನನ್ನು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ಉಳಿದದ್ದು ದೊಡ್ಡವರು ಒಪ್ಪುವುದು. ಮಗಳ ಹೆಸರು ಬಂದ ಮೇಲೆ ಅತ್ತಿಗೆ ವಾದ ಮಾಡಲಿಲ್ಲ. “ಆಯ್ತು,” ಎಂದುಬಿಟ್ಟರು. ನಾನು ಜಗಳಕ್ಕೆ ಬಾಯಿ ತೆರೆದಿದ್ದವಳು ಮುಚ್ಚಿಕೊಂಡೆ.

ಆದರೆ ನಗು ನಲ್ಲಿಯಲ್ಲವಲ್ಲ, ತಿರುಗಿಸಿ ನಿಲ್ಲಿಸಲಿಕ್ಕೆ. ಅಣ್ಣ ಎದುರಿಗಿದ್ದ ಮೇಲಂತೂ ಸಾಧ್ಯವೇ ಇಲ್ಲ. ಅದಕ್ಕೆ ಅಮ್ಮ ಒಂದು ಉಪಾಯ ಕಂಡುಹಿಡಿದಳು. ಟಿವಿಯ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿರುವುದು. ಅತ್ತಿಗೆ ನಕ್ಕ ಕೂಡಲೇ ಟಿವಿ ಹಾಕಿ ಸದ್ದು ಏರಿಸುವುದು. ಹೊರಗಿನವರು ಕೇಳಿದರೆ ಧಾರಾವಾಹಿ ನಡೆಯುತ್ತಿದೆ ಎಂದುಕೊಳ್ಳಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೆಲವು ವಾರ ನಡೆಯಿತು. ಸೊಸೆಯ ನಗು ಮನೆಗೆ ಆಗಿಬರುವುದಿಲ್ಲ ಎನ್ನುತ್ತಿದ್ದ ಅಮ್ಮ, ಆ ನಗು ಟಿವಿಯಲ್ಲಿ ಬಂದಾಗ ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಒಂದು ಸಂಜೆ ಬೀದಿಗೆ ಬೀದಿಯೇ ಕರೆಂಟು ಹೋಯಿತು. ಅಣ್ಣ ಟಾರ್ಚು ಹುಡುಕುತ್ತ ಮೇಜಿಗೆ ಮಂಡಿ ಹೊಡೆದುಕೊಂಡು, “ಈ ಇಲಾಖೆಯವರಿಗೆ ಮಾನ ಮರ್ಯಾದೆ ಏನಾದ್ರೂ ಇದ್ಯಾ?” ಎಂದು ಕಿರುಚಿದ. ಇಲಾಖೆ ಅವನದೇ. ಅತ್ತಿಗೆಯ ಉಸಿರು ಒಳಗೆ ಹೋಯಿತು. ಅಮ್ಮ ರಿಮೋಟು ಒತ್ತಿದಳು, ಒತ್ತಿದಳು, ಕರೆಂಟಿಲ್ಲದ ಟಿವಿಗೆ ಒತ್ತುತ್ತಲೇ ಇದ್ದಳು. ಎದುರು ಮನೆಯಾಕೆ ಮೇಣದ ಬತ್ತಿ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದರು. ಕತ್ತಲೆ ಮನೆಯೊಳಗಿಂದ, ಬೀದಿಯಲ್ಲಿ ಒಂದು ಟಿವಿಯೂ ಓಡದ ಹೊತ್ತಿನಲ್ಲಿ, ಮೋಹಿನಿ ಗುಳುಗುಳು ನಕ್ಕಿದ್ದನ್ನು ಅವರು ಕಿವಿಯಾರೆ ಕೇಳಿದರು. ಒಂದು ಚಪ್ಪಲಿ ನಮ್ಮ ಬಾಗಿಲಲ್ಲೇ ಬಿಟ್ಟು ಓಡಿದರು.

ಮಾರನೆಯ ದಿನ ಬೆಳಿಗ್ಗೆ ಆ ಚಪ್ಪಲಿ ಕೇಳುವ ನೆಪದಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. “ಅಣ್ಣಾವ್ರೇ, ನಿಮ್ಮನೇಲಿ ಅದು ಇದೆಯಂತೆ, ಹೌದಾ?” ಎಂದು ಬೀದಿಯಲ್ಲೇ ನಿಂತು ಕೇಳಿದರು.

ಅಣ್ಣನ ಮುಂದೆ ಎರಡು ದಾರಿ ಇತ್ತು. ‘ಅದು ನನ್ನ ಹೆಂಡತಿ, ಅದು ಅವಳ ಕೆಲಸ’ ಎಂದಿದ್ದರೆ ಮುಗಿಯುತ್ತಿತ್ತು. ಅವನು ಅಂಗಿಯ ತೋಳು ಸರಿಮಾಡಿಕೊಂಡು, “ಹೂಂ, ಇದೆ,” ಎಂದ. “ನಾವು ಬರೋ ಮುಂಚಿನಿಂದ್ಲೂ ಇದೆಯಂತೆ. ಮೆಟ್ಟಿಲ ಹತ್ರ ಇರುತ್ತೆ. ಯಾರಿಗೂ ತೊಂದ್ರೆ ಕೊಡಲ್ಲ.”

ಹೆಂಡತಿ ಟಿವಿಗೆ ನಗುತ್ತಾಳೆ ಎನ್ನುವುದಕ್ಕಿಂತ ಮನೆಯಲ್ಲಿ ದೆವ್ವ ಇದೆ ಎನ್ನುವುದು ಅವನಿಗೆ ಮರ್ಯಾದೆಯಾಗಿ ಕಂಡಿತು. ಅತ್ತಿಗೆ ಅವನ ಹಿಂದೆಯೇ, ಕೈಯಲ್ಲಿ ಆ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ಎಂದಿನ ಅತ್ತಿಗೆಯಾಗಿದ್ದರೆ ಆ ಮಾತಿಗೇ ಬಿದ್ದು ಬಿದ್ದು ನಗಬೇಕಿತ್ತು. ನಗಲಿಲ್ಲ. ಚಪ್ಪಲಿ ಕೊಟ್ಟು ಒಳಗೆ ಹೋದರು. ಅವತ್ತು ನನ್ನ ಒಡಹುಟ್ಟಿದವನ ಮೇಲೆ ನನಗೆ ಅಸಹ್ಯ ಹುಟ್ಟಿತು, ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಅಲ್ಲಿಂದ ಅತ್ತಿಗೆಯ ನಗು ನಿಂತುಹೋಯಿತು. ಯಾರೂ ತಡೆಯಬೇಕಾಗಲಿಲ್ಲ. ಅಣ್ಣ ಮತ್ತೆ ಕನ್ನಡಕದ ಮೇಲೆ ಕೂತ; ಅವರು ಅದನ್ನು ಎತ್ತಿ ಒರೆಸಿ ಕೊಟ್ಟರು. ಅಮ್ಮ ರಿಮೋಟನ್ನು ಕಪಾಟಿನ ಮೇಲೆ ಇಟ್ಟಳು. ಮನೆ ಮರ್ಯಾದಸ್ಥರ ಮನೆಯಾಯಿತು. ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರಂತೆ ಕೂತು ಊಟ ಮಾಡುತ್ತಿದ್ದೆವು.

ಅಷ್ಟರಲ್ಲಿ ಧಾರಾವಾಹಿಯವರು ಮೋಹಿನಿಯನ್ನು ಮತ್ತೊಂದು ಕಂತಿಗೆ ಕರೆದರು. ರಜೆಯ ದಿನವಾದ್ದರಿಂದ ನಾನೂ ಜೊತೆಗೆ ಹೋದೆ, ಗಾಜಿನ ಈಚೆ ಸೌಂಡಿನವನ ಪಕ್ಕ ಕೂತೆ. ಈ ಸಲ ಮೋಹಿನಿ ಪಾರ್ಕಿಂಗಿನಲ್ಲಿದ್ದಳು. ಮಾತೆಲ್ಲ ಕರಾರುವಾಕ್ಕಾಗಿ ಕೂತವು. ನಗು ಬರಬೇಕಾದ ಕಡೆ ಬರೀ ಉಸಿರು ಬಂತು. ನಿರ್ದೇಶಕ ಎಲ್ಲ ತಿಳಿದವನಂತೆ ತಲೆಯಾಡಿಸಿ ಒಳಗೆ ಹೋದ. ಸೊಂಟದ ಮೇಲೆ ಕೈ, ಇಳಿದ ಭುಜ, ಬಾಗಿದ ರೆಪ್ಪೆ. ಜೋರಾಗಿ ಬಳುಕಿದ್ದಕ್ಕೆ ಅಂಗಿಯ ಗುಂಡಿಯೊಂದು ಹಾರಿ ಗಾಜಿಗೆ ಟಣ್ ಎಂದು ಬಡಿಯಿತು. ಸೌಂಡಿನವನು ಮೇಜಿನ ಕೆಳಗೆ ತಲೆ ಹಾಕಿದ. ಅತ್ತಿಗೆ ಗೋಡೆ ನೋಡುವಂತೆ ಅವನನ್ನು ನೋಡಿ, “ಬರ್ತಿಲ್ಲ ಸಾರ್,” ಎಂದರು. ಕೊನೆಗೆ ಹಳೆಯ ನಗುವನ್ನೇ ಕತ್ತರಿಸಿ ಅಂಟಿಸಿಕೊಂಡರು.

ಬಸ್ಸಿನಲ್ಲಿ ನಾನು ಕೇಳಿದೆ: “ಆ ಗುಂಡಿ ಹಾರಿದಾಗ್ಲೂ ನಗು ಬರ್ಲಿಲ್ವಾ ಅತ್ತಿಗೆ?”

“ತಮಾಷೆ ಅಂತ ತಿಳಿಯುತ್ತೆ ಕಣೇ,” ಎಂದರು. “ತಿಳಿದು ಅಲ್ಲೇ ನಿಂತ್ಬಿಡುತ್ತೆ. ಅದು ನಂದು ಅನ್ನೋದೇ ಮರೆತುಹೋದ ಹಾಗಿದೆ.” ನನ್ನ ಕಣ್ಣಲ್ಲಿ ನೀರು ಬಂತು. ಕಿಟಕಿ ಕಡೆ ತಿರುಗಿ ಕೂತೆ.

ಹುಡುಗನ ಕಡೆಯವರು ಒಂದು ಭಾನುವಾರ ಮಧ್ಯಾಹ್ನ ಬಂದರು. ತಂದೆ ನಿವೃತ್ತ ಪ್ರಾಂಶುಪಾಲ, ಎದೆಯ ಜೇಬಿನಲ್ಲಿ ಬಾಚಣಿಗೆ. ತಾಯಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತರು. ಆಕೆ ಬಾಯಿ ತೆರೆದಾಗಲೆಲ್ಲ ಗಂಡನೇ ವಾಕ್ಯ ಮುಗಿಸುತ್ತಿದ್ದರು. “ಮನೆ ತುಂಬಾ...” ಎಂದರೆ “ಇಕ್ಕಟ್ಟು, ಆದ್ರೆ ಪರವಾಗಿಲ್ಲ,” ಎಂದರು. “ನನ್ಗೆ ಸ್ವಲ್ಪ...” ಎಂದರೆ “ಸಕ್ಕರೆ ಬೇಡ ಅವಳಿಗೆ,” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ಇವಳು ಜಾಸ್ತಿ ಮಾತಾಡಲ್ಲ,” ಎಂದು ವಿವರಣೆ ಕೊಟ್ಟರು. ಹುಡುಗ ನೆಲ ನೋಡುತ್ತಿದ್ದ.

ಪ್ರಾಂಶುಪಾಲರಿಗೆ ಹುಡುಗಿಯ ಓದು, ಕೆಲಸ ಯಾವುದೂ ಬೇಕಿರಲಿಲ್ಲ. ನಮ್ಮ ಮನೆಯ ಮೋಹಿನಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಕಣ್ಣೆಲ್ಲ ಮೆಟ್ಟಿಲ ಮೇಲೆ. “ನಾನು ವೈಜ್ಞಾನಿಕ ಮನೋಭಾವದವನು,” ಎಂದರು ಅಣ್ಣನಿಗೆ. “ಇಂಥವನ್ನೆಲ್ಲ ನಂಬಲ್ಲ. ಆದ್ರೂ... ಬಿಳಿ ಬಟ್ಟೇಲೇ ಇರುತ್ತಾ?”

“ನೋಡಿದವರಿಲ್ಲ ಸಾರ್, ಕೇಳಿದವರಿದಾರೆ,” ಎಂದ ಅಣ್ಣ, ಸಭ್ಯ ದೆವ್ವದ ಯಜಮಾನನಾಗಿ.

“ವಯಸ್ಸು?”

“ಸಾರ್?”

“ನಗು ಕೇಳಿದ್ರೆ ಒಂದು ಇಪ್ಪತ್ತೈದು ಇರ್ಬಹುದು, ಅಷ್ಟೇ,” ಎಂದು ಅವರೇ ಲೆಕ್ಕ ಹಾಕಿದರು. ಐವತ್ತು ದಾಟಿದ ಅತ್ತಿಗೆ ಅವರ ಕಪ್ಪಿಗೆ ಟೀ ಬಗ್ಗಿಸಿದರು. ಕೈ ಅಲುಗಲಿಲ್ಲ, ಮುಖವೂ ಅಲುಗಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

“ಒಂದು ಪ್ರಯೋಗ ಮಾಡೋಣ,” ಎಂದು ಪ್ರಾಂಶುಪಾಲರು ಎದ್ದರು. ಬಾಚಣಿಗೆ ತೆಗೆದು ಉಳಿದಿದ್ದ ಕೂದಲನ್ನು ಬಾಚಿದರು. ಹೊಟ್ಟೆ ಒಳಗೆಳೆದು ಅಂಗಿ ಸಿಕ್ಕಿಸಿಕೊಂಡರು. ಮೆಟ್ಟಿಲ ಬುಡಕ್ಕೆ ಹೋಗಿ, ಒಂದು ಕೈ ಕಂಬಿಯ ಮೇಲೆ, ಒಂದು ಕೈ ಸೊಂಟದ ಮೇಲೆ ಇಟ್ಟು, ಕೊರಳು ಓರೆ ಮಾಡಿ, ಹೆಂಡತಿ ಮಗನ ಎದುರಿಗೇ, ಜೇನು ಸುರಿಸುವ ದನಿಯಲ್ಲಿ ನನ್ನ ಖಾಲಿ ಮಹಡಿಯನ್ನು ಕೇಳಿದರು: “ಒಬ್ರೇ ಇದೀರಾ?”

ಆಗ ನಗು ಬಂತು.

ಅದೇ ಉಸಿರು, ಅದೇ ಗುಳುಗುಳು. ನಾನು ಅತ್ತಿಗೆಯತ್ತ ತಿರುಗಿದೆ; ಅವರ ಬಾಯಿ ಮುಚ್ಚಿತ್ತು. ಅಮ್ಮ ಕಪಾಟಿಗೆ ಹಾರಿ ರಿಮೋಟು ಹಿಡಿದಳು. ಟಿವಿಯಲ್ಲಿ ಒಬ್ಬ ಕಟ್ಟಿಕೊಂಡ ಸಿಂಕನ್ನು ಸ್ವಚ್ಛ ಮಾಡುವುದು ಹೇಗೆಂದು ವಿವರಿಸಲು ತೊಡಗಿದ. ನಗು ಅವನ ದನಿಯನ್ನೂ ಮೀರಿ ಏರಿತು. ಅಡುಗೆಮನೆಯ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು, ನೀರಿನ ಲೋಟಗಳ ತಟ್ಟೆ ಹಿಡಿದು. ಲೋಟಗಳು ಕಟಕಟ ಎನ್ನುತ್ತಿದ್ದವು, ನೀರು ಚೆಲ್ಲುತ್ತಿತ್ತು. ಆ ಹುಡುಗಿ ಯಾವತ್ತೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುವವಳು. ನಾಚಿಕೆ ಎಂದುಕೊಂಡಿದ್ದೆವು. ಅಜ್ಜಿಯ ಗಾದೆ ಕೇಳುತ್ತ ಬೆಳೆದವಳು ಏನನ್ನು ಮುಚ್ಚುತ್ತಿದ್ದಳು ಎನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಈಗ ಎರಡೂ ಕೈಯಲ್ಲಿ ತಟ್ಟೆ ಇತ್ತು.

ಅತ್ತಿಗೆ ಮಗಳನ್ನು ನೋಡಿದರು. ಎಷ್ಟೋ ಹೊತ್ತು ನೋಡಿದ ಹಾಗೆ ನನಗನಿಸಿತು. ಆಮೇಲೆ ಅವರ ಉಸಿರು ಒಳಗೆ ಹೋಯಿತು.

ತಾಯಿ ಮಗಳಿಬ್ಬರೂ ಕೂಡಿ ನಕ್ಕಾಗ ಮನೆಯ ಗಾಜು ಅದುರಿತು. ಮೊದಲ ನಗು ಮಹಡಿಯಿಂದಲೇ ಬಂತೆಂದು ಮೇಲೆ ನೋಡುತ್ತ ಕಿರುನಗೆ ಬೀರುತ್ತಿದ್ದ ಪ್ರಾಂಶುಪಾಲರು ಈಗ ತಿರುಗಿದರು. “ಇದೇನಿದು?” ಎಂದರು.

“ಅದು... ಸಾರ್, ಅದು...” ಎಂದ ಅಣ್ಣ.

“ಅದು ನಾನೇ,” ಎಂದರು ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ. “ಟಿವಿಲೂ ನಾನೇ. ಅವತ್ತೂ ಒಬ್ರು ಹೀಗೇ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ರು. ನೋಡಿ ತಡ್ಕೊಳ್ಳೋಕಾಗ್ಲಿಲ್ಲ.”

ಪ್ರಾಂಶುಪಾಲರ ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬಂತು. “ಅಂದ್ರೆ... ಆ ನಗು ಕರೆಯೋದಲ್ವಾ?”

“ಯಾರನ್ನ?” ಎಂದು ಅತ್ತಿಗೆ ನಿಜವಾಗಿಯೂ ತಿಳಿಯದೆ ಕೇಳಿದರು.

ಅವರು ಬಾಚಣಿಗೆಯನ್ನು ಜೇಬಿಗೆ ಹಾಕಿದರು. “ಸಂಸ್ಕಾರ ಇಲ್ಲದ ಮನೆ. ಏಳಿ!” ಎಂದು ಹೆಂಡತಿ ಮಗನಿಗೆ ಅಪ್ಪಣೆ ಮಾಡಿ ಹೊರಟೇಬಿಟ್ಟರು. ಹುಡುಗ ಬಾಗಿಲವರೆಗೆ ಹೋಗಿ ನಿಂತು ಪುಟ್ಟಿಯನ್ನೇ ನೋಡುತ್ತಿದ್ದ, ಅವಳ ಬಾಯನ್ನು ಅವತ್ತೇ ಕಂಡವನಂತೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. “ಮುಗೀತು. ನಕ್ಕು ನಕ್ಕು ಮಗಳ ಬಾಳು ಹಾಳ್ಮಾಡ್ದೆ,” ಎಂದು ಅತ್ತಿಗೆಗೆ ಹೇಳಿ ಅಳತೊಡಗಿದ. ಅತ್ತಿಗೆಯ ಮುಖ ಸಣ್ಣದಾಯಿತು. ಪುಟ್ಟಿ ತಟ್ಟೆ ಕೆಳಗಿಟ್ಟು ತಾಯಿಯ ಕೈ ಹಿಡಿದುಕೊಂಡಳು.

ಆಗ ಹುಡುಗನ ತಾಯಿ ವಾಪಸು ಬಂದರು. “ಬ್ಯಾಗ್ ಮರ್ತೆ,” ಎಂದರು. ಬ್ಯಾಗು ಅವರ ಹೆಗಲಲ್ಲೇ ಇತ್ತು. ಒಂದು ವಾಕ್ಯವನ್ನು ಪೂರ್ತಿ ಮುಗಿಸುವ ಅವಕಾಶ ಸಿಕ್ಕಿದವರಂತೆ ನಿಧಾನವಾಗಿ ಮಾತಾಡಿದರು: “ಸಂಬಂಧದ ವಿಷಯ ನನಗೆ ಬಿಡಿ. ಎರಡು ದಿನ ಹಾರಾಡ್ತಾರೆ, ಆಮೇಲೆ ಹಸಿವಾಗುತ್ತೆ. ನಮ್ಮನೇಲಿ ನಗೋರು ಒಬ್ರಾದ್ರೂ ಬೇಕು.” ಪುಟ್ಟಿಯ ಕೆನ್ನೆ ಮುಟ್ಟಿದರು. ಆಮೇಲೆ ಅತ್ತಿಗೆಯ ಹತ್ತಿರ ಬಂದು ದನಿ ತಗ್ಗಿಸಿದರು. “ನನಗೊಂದು ಉಪಕಾರ ಮಾಡ್ತೀರಾ? ಅವ್ರು ಕಾರಲ್ಲಿ ಕೂತಿದ್ದಾರೆ. ಕಿಟಕಿ ಹತ್ರ ನಿಂತು ಇನ್ನೊಂದ್ಸಲ ನಗಿ. ಮದುವೆ ಆದಾಗಿಂದ ನಗಬೇಕು ನಗಬೇಕು ಅಂತ ಇದೆ. ನನಗೆ ಬರಲ್ಲ.”

ಅತ್ತಿಗೆ ಆಕೆಯ ಕೈ ಹಿಡಿದು ಕಿಟಕಿಗೆ ಕರೆದುಕೊಂಡು ಹೋದರು. ಎರಡೂ ಬಾಗಿಲು ತೆರೆದರು.

“ನಾನು ನಕ್ರೆ ಕರೆದ್ರು ಅಂದ್ಕೋತಾರೆ,” ಎಂದರು. “ನೀವೇ ನಗಿ.”

ಮೊದಲು ಬಂದದ್ದು ಕೆಮ್ಮಿನಂತಿತ್ತು. ಅದರಲ್ಲಿ ಗುಳುಗುಳು ಇರಲಿಲ್ಲ, ಕೀರಲೂ ಇರಲಿಲ್ಲ, ಚೆಂದವಂತೂ ಇರಲೇ ಇಲ್ಲ. ಎರಡನೇ ಸಲ ಗಟ್ಟಿಯಾಗಿ ಬಂತು, ಬೀದಿಗೆ ಕೇಳುವಷ್ಟು. ಕಾರಿನೊಳಗೆ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದ ಆ ಮನುಷ್ಯ ಕೊರಳೆತ್ತಿ ನಮ್ಮ ಕಿಟಕಿಯತ್ತ ನೋಡಿದ. ದನಿ ಯಾರದೆಂದು ಗುರುತು ಸಿಕ್ಕಿತು. ಅವಸರ ಅವಸರವಾಗಿ ಕಾರಿನ ಗಾಜು ಏರಿಸಿಕೊಂಡ.